ಮಂಚದ ಕಂಬಿಗೆ ಕಟ್ಟಿದ ದಾರಗಳು

ನಮ್ಮಮ್ಮ ಕೆ.ಜಿ.ಎಫ್.ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಏಳು ವಾರ ಇದ್ದಳು. ಅಷ್ಟು ದಿನವೂ ಆ ಹೆಂಗಸರ ವಾರ್ಡಿನಲ್ಲಿ ಬದಲಾಗದೆ ಇದ್ದವರು ಇಬ್ಬರೇ. ಒಬ್ಬರು ನೆಲ ಒರೆಸುವ ಆಯಾ, ಇನ್ನೊಬ್ಬಳು ನಮ್ಮಮ್ಮ. ಹಾಗಾಗಿ ಅಲ್ಲಿನ ಹಿರಿಯ ಸಿಬ್ಬಂದಿ ಯಾರೆಂದು ಕೇಳಿದರೆ ನಾನು ಅಮ್ಮನ ಕಡೆಗೇ ಬೆರಳು ತೋರಿಸುತ್ತೇನೆ. ಸ್ಪಿರಿಟ್ ಬಾಟಲಿ ಯಾವ ಕಪಾಟಿನಲ್ಲಿದೆ, ಯಾವ ಸ್ವಿಚ್ಚು ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಮೂರನೇ ಮಂಚದ ಅಜ್ಜಿ ಮಾತ್ರೆಯನ್ನು ದವಡೆಯಲ್ಲಿ ಬಚ್ಚಿಟ್ಟುಕೊಂಡು ಆಮೇಲೆ ಕಿಟಕಿಯಾಚೆ ಹೇಗೆ ಉಗಿಯುತ್ತಾಳೆ, ಇದೆಲ್ಲವನ್ನೂ ಹೊಸದಾಗಿ ಬಂದ ನರ್ಸುಗಳಿಗೆ ಹೇಳಿಕೊಡುತ್ತಿದ್ದವಳು ಅವಳೇ. ಈ ಸೇವೆಗೆ ಆಸ್ಪತ್ರೆಯವರು ಅವಳಿಗೆ ದಿನಕ್ಕೆರಡು ಹೊತ್ತು ಉಪ್ಪಿಲ್ಲದ ಗಂಜಿ ಕೊಡುತ್ತಿದ್ದರು.

ಅಮ್ಮ ಕ್ಯಾಸಂಬಳ್ಳಿ ಕಡೆಯ ನಮ್ಮೂರಿನಲ್ಲಿ ನನ್ನ ತಮ್ಮ, ನಾದಿನಿಯ ಜೊತೆ ಇರುತ್ತಾಳೆ. ಎರಡು ಹಸು, ಸ್ವಲ್ಪ ರಾಗಿ, ಬಾವಿಯ ಪಕ್ಕದಲ್ಲಿ ನಾಲ್ಕು ಸಾಲು ಕನಕಾಂಬರ. ಆ ನಾಲ್ಕು ಸಾಲು ಅಮ್ಮನ ಸ್ವಂತ ಸಾಮ್ರಾಜ್ಯ. ಕುಕ್ಕರುಗಾಲಲ್ಲಿ ಕೂತು ಹೂ ಬಿಡಿಸುವಾಗ ಅವಳ ಬಲ ಪಾದಕ್ಕೆ ಜಾಲಿ ಮುಳ್ಳು ಚುಚ್ಚಿತ್ತು. ಸಕ್ಕರೆ ಕಾಯಿಲೆ ಹಳೆಯದಾದ ಪಾದ, ನೋವೇ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ಗುಳಿ ಬಿದ್ದು, ಸುತ್ತ ಕಪ್ಪಾಗಿತ್ತು. ಸರ್ಜನ್ ಕೊಳೆತದ್ದನ್ನು ತೆಗೆದು ನಮ್ಮನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: ದಿನಾ ಡ್ರೆಸ್ಸಿಂಗ್ ಆಗಬೇಕು, ಸಕ್ಕರೆ ಹತೋಟಿಗೆ ಬರಬೇಕು, ಅಲ್ಲಿಯವರೆಗೆ ಇಲ್ಲೇ ಇರಲಿ. ಗಾಯ ಚಿಕ್ಕದಾಗುತ್ತ ಬಂದರೆ ಕಾಲು ಉಳಿಯುತ್ತದೆ, ದೊಡ್ಡದಾದರೆ ಮೊದಲು ಬೆರಳು, ಆಮೇಲೆ ಪಾದ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಕುಕ್ಕರುಗಾಲಾಗ್ ಕೂತ್ಕಣಕ್ಕಾಯ್ತದಾ ಸಾ?"

ಮೊದಲ ನರ್ಸು ಉರಿಗಾಂನವಳು. ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ, ಆಯಾ ಜೊತೆ ತೆಲುಗು, ಮೂರನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಬಡಿಸುತ್ತಿದ್ದಳು. ಅಮ್ಮ ಅವಳಿಗೆ 'ಪಾಟಿ', ಅಂದರೆ ಅಜ್ಜಿ. ಗಾಯ ಅಳೆಯುವ ಕಾಗದದ ಪಟ್ಟಿಗಾಗಿ ಸ್ಟೋರಿಗೆ ಚೀಟಿ ಕಳಿಸಿದರೆ "ಸ್ಟಾಕ್ ಇಲ್ಲ" ಎಂದು ಬಂತು. ಮಾರನೇ ದಿನವೂ ಅದೇ ಉತ್ತರ. ಆ ಸ್ಟೋರಿನವರ ಸ್ಥಿರತೆಯನ್ನು ಮೆಚ್ಚಬೇಕು, ಏಳು ವಾರದಲ್ಲಿ ಅವರ ಉತ್ತರವೊಂದು ಬದಲಾಗಲಿಲ್ಲ. ಅವಳು ಕಾಯಲಿಲ್ಲ. ಅಮ್ಮನ ಸೊಂಟದ ಚೀಲದಲ್ಲಿ ಹೂ ಕಟ್ಟುವ ಬಿಳಿ ದಾರದ ಉಂಡೆ ಯಾವಾಗಲೂ ಇರುತ್ತದೆ. ಅದರಿಂದ ಒಂದು ಎಳೆ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಗಾಯದ ಮೇಲೆ ತಗಲದಂತೆ ಹಿಡಿದು, ಗಾಯದ ಉದ್ದ ಎಷ್ಟೋ ಅಷ್ಟನ್ನು ಎರಡು ಗಂಟುಗಳ ನಡುವೆ ಗುರುತು ಮಾಡಿದಳು. ಉಳಿದ ಬಾಲದಿಂದ ಅದನ್ನು ಮಂಚದ ಕಾಲ್ದೆಸೆಯ ಕಂಬಿಗೆ ಕಟ್ಟಿದಳು. ಮೂರು ದಿನಕ್ಕೊಂದು ದಾರ. ಪ್ರತಿ ದಾರದಲ್ಲೂ ಗಂಟುಗಳು ಒಂದಕ್ಕೊಂದು ಹತ್ತಿರ ಬರುತ್ತಿದ್ದವು.

"ಪಾಟಿ, ಇದನ್ನ ಯಾರೂ ಬಿಚ್ಚಕೂಡಾದು. ಹೊಸ ದಾರ ಹಳೇದಕ್ಕಿಂತ ಉದ್ದ ಬಂದ್ರೆ ಉಡನೇ ಡಾಕ್ಟ್ರನ್ನ ಕರೀಬೇಕು, ಸರಿಯಾ?" ಎಂದು ಅಮ್ಮನಿಗೆ ಹೇಳಿದಳು, ನನಗೂ ಹೇಳಿದಳು, ನನ್ನ ತಮ್ಮನಿಗೂ ಹೇಳಿದಳು. ನಾನು ಬಂಗಾರಪೇಟೆಯಲ್ಲಿ ಶಾಲಾ ಶಿಕ್ಷಕಿ. ಕಲಿಸುವುದೆಂದರೇನು ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಆದರೂ ಅವಳು ಹೇಳಿಕೊಟ್ಟ ರೀತಿ ನೋಡಿ ಹೊಟ್ಟೆಕಿಚ್ಚಾಯಿತು.

ಏಳು ದಾರ ಕಟ್ಟಿದ ಮೇಲೆ ಅವಳು ಕೆಲಸ ಬಿಟ್ಟಳು. ಇಪ್ಪತ್ತು ಮಂಚಕ್ಕೆ ಒಬ್ಬಳೇ, ಅದರ ಮೇಲೆ ವಾರಕ್ಕೆ ಮೂರು ಸಲ ಎರಡು ಪಾಳಿ ಒಟ್ಟಿಗೆ. ಒಂದೇ ಪಾಳಿ ಕೊಡಿ, ಮಗುವಿಗೆ ಎದೆಹಾಲು ಬಿಡಿಸಿಲ್ಲ ಎಂದು ಆರು ತಿಂಗಳಿಂದ ಕೇಳುತ್ತಿದ್ದಳಂತೆ. ಮ್ಯಾನೇಜರ್ "ನೋಡೋಣ" ಎಂದು ಆರು ತಿಂಗಳು ನೋಡಿದರು. ಹೊಸಕೋಟೆ ಕಡೆಯ ಯಾವುದೋ ಆಸ್ಪತ್ರೆಯವರು ಒಂದೇ ದಿನದಲ್ಲಿ ನೋಡಿದರು.

ಅವಳು ಹೊರಡುವ ದಿನ ಅಮ್ಮ ಹಟ ಹಿಡಿದಳು. ಮನೆಯಿಂದ ಹೆಣ್ಣುಮಗಳು ಹೊರಟರೆ ಕುಂಕುಮ ಕೊಟ್ಟು, ರವಿಕೆ ಕಣ ಕೊಟ್ಟು ಕಳಿಸಬೇಕು. ಇದು ಆಸ್ಪತ್ರೆ ಕಣಮ್ಮ, ಮನೆಯಲ್ಲ ಎಂದೆ.

"ಓಗೋರ್ನ ಬರಿಗೈಲಿ ಕಳ್ಸಾದಾ? ದಿನಾ ನನ್ ಕಾಲ್ ಇಡ್ದವ್ಳೆ. ನಿನ್ ಮದ್ವೇಲಿ ನೀನಿಡ್ದಿದ್ದೇ ಕಡೇದು," ಎಂದಳು. ನಾನು ತಮ್ಮನಿಗೆ ಫೋನ್ ಮಾಡಿದೆ. ನಾದಿನಿಯ ಟ್ರಂಕಿನಿಂದ ಒಂದು ಹಸಿರು ರವಿಕೆ ಕಣ ಬಂತು. ಉರಿಗಾಂನವಳು ಅದನ್ನು ಕಣ್ಣಿಗೊತ್ತಿಕೊಂಡು, ಎರಡನೇ ನರ್ಸನ್ನು ಮಂಚದ ಹತ್ತಿರ ಕರೆತಂದು, ದಾರಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿ ಹೋದಳು.

ಎರಡನೆಯವಳು ಒಂಬತ್ತು ದಿನ ಇದ್ದಳು. ಮೊದಲ ಸಲ ಅಳತೆಯ ದಿನ ಬಂದಾಗ ಬೇರೆ ವಾರ್ಡಿನಲ್ಲೂ ಅವಳೇ ಓಡಾಡಬೇಕಿತ್ತು, ನಾಳೆ ಎಂದಳು. ಆ ನಾಳೆ ಬರಲಿಲ್ಲ. ಮೂರನೆಯವಳು ಶನಿವಾರ ಸೇರಿ ಮಂಗಳವಾರ ಹೋದಳು. ಎರಡನೆಯವಳು ಮೂರನೆಯವಳಿಗೆ ಹೇಳಿದ್ದು ಇಷ್ಟೇ: "ಆ ದಾರ ಮುಟ್ಟಬೇಡ." ಯಾಕೆ ಮುಟ್ಟಬಾರದು ಎಂಬುದನ್ನು ಹೇಳುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತೋ ಏನೋ. ಇದರ ನಡುವೆ ರಾತ್ರಿ ಪಾಳಿಯ ಇಬ್ಬರು ಬದಲಾದರು. ನಾನು ಆಂಡರ್ಸನ್‌ಪೇಟೆಯ ಅಂಗಡಿಯಲ್ಲಿ ಅರ್ಧ ಡಜನ್ ರವಿಕೆ ಕಣ ಒಟ್ಟಿಗೇ ಕೇಳಿದಾಗ ಅಂಗಡಿಯವನು, "ಏನ್ ಮೇಡಂ, ಗೃಹಪ್ರವೇಶಾನಾ?" ಎಂದ. ಇಲ್ಲಪ್ಪ, ಆಸ್ಪತ್ರೆಗೆ ಎಂದೆ. ಅವನು ಬೇರೇನೂ ಕೇಳದೆ ಕಟ್ಟಿಕೊಟ್ಟ.

ನಾಲ್ಕನೆಯವಳು ಒಡಿಶಾದ ಹುಡುಗಿ. ನಮ್ಮ ಮೂರು ಭಾಷೆಗಳಲ್ಲಿ ಒಂದೂ ಅವಳಿಗೆ ಬಾರದು, ಅವಳ ಭಾಷೆ ವಾರ್ಡಿನಲ್ಲಿ ಯಾರಿಗೂ ಬಾರದು. ಕೆಲಸದಲ್ಲಿ ಚುರುಕು, ಕೈ ಮೃದು. ಮೊದಲ ದಿನ ಬಂದವಳೇ ಮಂಚದ ಕಂಬಿಯಲ್ಲಿ ಸಾಲಾಗಿ ಕಟ್ಟಿದ್ದ ಏಳು ದಾರ ನೋಡಿದಳು. ಯಾರೂ ಮುಟ್ಟಬಾರದಂತೆ ಎಂಬುದು ಕೈಸನ್ನೆಯಲ್ಲಿ ಅವಳಿಗೂ ತಲುಪಿತ್ತು. ಮುಟ್ಟಬಾರದ ದಾರವೆಂದರೆ ಇನ್ನೇನು? ಕಣ್ಣುಮುಚ್ಚಿ ಕೈಮುಗಿದಳು.

ಅದನ್ನು ಪಕ್ಕದ ಮಂಚದವಳು ನೋಡಿದಳು. ಬಂಗಾರಪೇಟೆ ಕಡೆಯ ರೈತರ ಮನೆಯ ಹೆಂಗಸು, ಬಿಡದ ಜ್ವರ. ನರ್ಸೇ ಕೈಮುಗಿಯುವ ಮಂಚವೆಂದರೆ ಸುಮ್ಮನೆಯೇ ಎಂದು ಅವಳ ಸೊಸೆಯೂ ಒಂದು ದಾರ ಕಟ್ಟಿ ಹರಕೆ ಹೊತ್ತಳು. ಮಾರನೇ ಬೆಳಗ್ಗೆ ಜ್ವರ ಇಳಿಯಿತು. ಐದು ದಿನದಿಂದ ಹೋಗುತ್ತಿದ್ದ ಡ್ರಿಪ್ಪಿಗೆ ಅದರ ಯಶಸ್ಸಿನಲ್ಲಿ ಯಾವ ಪಾಲೂ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರನೇ ಮಂಚದ ಅಜ್ಜಿಯ ಮಗಳು ಬಂದಳು, ಸಂಜೆಗೆ ಮೇಲಿನ ಮಹಡಿಯ ಹೆರಿಗೆ ವಾರ್ಡಿನಿಂದಲೂ ಬಂದರು. ಮಕ್ಕಳಾಗಲಿ, ಮೂತ್ರ ಕಟ್ಟಿದ್ದು ಬಿಡಲಿ, ಬಿಲ್ಲು ಕಡಿಮೆಯಾಗಲಿ. ಆಸ್ಪತ್ರೆಯಲ್ಲಿ ಸರಿಯಾಗಿ ನಡೆಯುತ್ತಿದ್ದ ವಿಭಾಗ ಅದೊಂದೇ. ಅದಕ್ಕೆ ಟೋಕನ್ ಇಲ್ಲ, ನಾಳೆ ಬನ್ನಿ ಅನ್ನುವವರಿಲ್ಲ.

ದಾರ ತಂದಿಲ್ಲದವರಿಗೆ ದಾರ ಕೊಟ್ಟವಳು ಯಾರು ಗೊತ್ತೇ? ನಮ್ಮಮ್ಮ. ತನ್ನದೇ ಸೊಂಟದ ಉಂಡೆಯಿಂದ, ತನ್ನದೇ ಕೈಯಾರೆ ಹರಿದು. ಆಮೇಲೆ ನಾನು ಕೂಗಾಡಿದಾಗ ಹೇಳಿದಳು, "ದೇವ್ರೆಸ್ರಲ್ಲಿ ಕೇಳ್ತಾರೆ, ಇಲ್ಲ ಅನ್ನಕ್ಕಾಯ್ತದಾ? ನಂಗೂ ಒಸಿ ಪುಣ್ಯ ಬರ್ಲಿ ಅಂತ ಕೊಟ್ಟೆ." ಹೀಗೆ ಒಂದೇ ಉಂಡೆಯ, ಒಂದೇ ಬಣ್ಣದ ಮೂವತ್ತು ನಲವತ್ತು ದಾರಗಳ ಕೆಳಗೆ ಅವಳ ಕಾಲಿನ ಏಳು ಅಳತೆಗಳು ಹೂತುಹೋದವು.

ಇಷ್ಟೆಲ್ಲ ಆಗುವಾಗ ನಾನು ಹತ್ತು ದಿನ ಆ ಕಡೆ ಹೋಗಿರಲಿಲ್ಲ. ಶಾಲೆಯಲ್ಲಿ ಪರೀಕ್ಷೆ, ಅದು ಮುಗಿಯುತ್ತಲೇ ಮನೆಮನೆ ಸಮೀಕ್ಷೆ. ಹನ್ನೊಂದನೇ ದಿನ, ಭಾನುವಾರ, ಬೆಳಗಿನ ಮಾರಿಕುಪ್ಪಂ ರೈಲಿಗೆ ಬಂದೆ. ವಾರ್ಡಿನ ಬಾಗಿಲಲ್ಲೇ ಆಯಾ ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು. "ಮೂಡು ದಿನಾಲಮ್ಮಾ. ಮೂರ್ ದಿನದಿಂದ ಕಾಲು ವಾಸ್ನೆ ಬತ್ತಾ ಐತೆ. ನಾ ಏಳಿದ್ರೆ, ನೀ ನೆಲ ಒರ್ಸು ಓಗು ಅಂತಾರೆ."

ಅಮ್ಮನ ಹತ್ತಿರ ಹೋದರೆ ಅವಳು ಬಾಯ್ತುಂಬ ನಗುತ್ತಿದ್ದಳು. ಕಂಬಿಯ ತುಂಬ ದಾರ, ಅದಕ್ಕೆ ಯಾರೋ ಕುಂಕುಮ ಬೇರೆ ಹಚ್ಚಿದ್ದರು. ಹತ್ತಿರ ಬಗ್ಗಿದಾಗ ವಾಸನೆ ಮೂಗಿಗೆ ಬಡಿಯಿತು. ಕಂಬಿಯ ಮುಂದೆ ನೆಲದ ಮೇಲೆ ಕೂತು ದಾರಗಳನ್ನು ಬಿಡಿಸತೊಡಗಿದೆ. ಹರಕೆಯ ದಾರಗಳಿಗೆ ಕಂಬಿಯ ಹತ್ತಿರ ಒಂದೇ ಗಂಟು. ಉರಿಗಾಂನವಳದಕ್ಕೆ ನಡುವೆಯೂ ಎರಡು ಗಂಟು, ಹೊಲಿಗೆ ಹಾಕುವವರು ಹಾಕುವಂಥ ಸುತ್ತುಗಂಟು. ಅರ್ಧ ಗಂಟೆ ಹಿಡಿಯಿತು. ಯಾರದೋ ಮಕ್ಕಳಾಗುವ ಹರಕೆಯನ್ನು ಬಿಚ್ಚಿಹಾಕಿದೆನೆಂದು ಮೂವರು ನನ್ನ ಜೊತೆ ಜಗಳಕ್ಕೆ ಬಂದರು. ಕೊನೆಗೆ ಏಳೂ ಸಿಕ್ಕವು. ಏಳನೆಯದರಲ್ಲಿ ಎರಡು ಗಂಟುಗಳ ನಡುವೆ ಒಂದು ಭತ್ತದ ಕಾಳು ಹಿಡಿಯುವಷ್ಟು ಜಾಗ.

ಒಡಿಶಾದ ಹುಡುಗಿಯನ್ನು ಕರೆದು ಡ್ರೆಸ್ಸಿಂಗ್ ಬಿಚ್ಚಿಸಿದೆ, ಹೊಸ ಎಳೆ ಹಿಡಿಸಿ ಅಳೆಸಿದೆ. ಅದು ಏಳನೆಯದಕ್ಕಿಂತ ಉದ್ದ, ಆರನೆಯದಕ್ಕಿಂತ ಉದ್ದ, ಮೊಟ್ಟಮೊದಲನೆಯದಕ್ಕಿಂತಲೂ ಒಂದು ಬೆರಳಗಲ ಉದ್ದ. ಪಕ್ಕದ ಬೆರಳಿನ ಬಣ್ಣವೂ ಬದಲಾಗಿತ್ತು.

ನಾನು ಬಾಯಿಗೆ ಬಂದಂತೆ ಬೈದೆ. ಕಣ್ಣು ಕಾಣುವುದಿಲ್ಲವೇ, ದಿನಾ ಇದನ್ನೇ ಬಿಚ್ಚಿ ಕಟ್ಟುತ್ತೀಯಲ್ಲ, ದೊಡ್ಡದಾಗಿದ್ದು ಗೊತ್ತಾಗಲಿಲ್ಲವೇ ಎಂದೆ. ನನ್ನ ಅರ್ಧಂಬರ್ಧ ಹಿಂದಿ ಅವಳಿಗೆ ಎಷ್ಟು ತಲುಪಿತೋ, ಕಣ್ಣೀರು ಮಾತ್ರ ತಕ್ಷಣ ಬಂತು. ಬೆರಳು ಮಡಿಸಿ ಎಣಿಸಿ ತೋರಿಸಿದಳು. ತಾನು ಬಂದು ಐದು ದಿನ, ನಡುವೆ ಎರಡು ದಿನ ಬೇರೆ ವಾರ್ಡಿಗೆ ಹಾಕಿದ್ದರು. ತಾನು ಮೊದಲ ಸಲ ನೋಡಿದಾಗಲೇ ಇಷ್ಟಿತ್ತು, ಇದು ಹೀಗೇ ಇರುವ ಗಾಯ ಎಂದುಕೊಂಡೆ ಎಂದು ತುಂಡು ತುಂಡು ಹಿಂದಿಯಲ್ಲಿ ಹೇಳಿದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಬಂದವರೆಲ್ಲ ಆ ಗಾಯವನ್ನು ಮೊದಲ ಸಲವೇ ನೋಡುತ್ತಿದ್ದರು. ನಿನ್ನೆ ಅದು ಹೇಗಿತ್ತೆಂದು ಬಲ್ಲವರು ಯಾರೂ ಇರಲಿಲ್ಲ.

ಸರ್ಜನ್‌ಗೆ ಫೋನ್ ಮಾಡಿಸಿ, ಫೈಲು ತರಿಸಿದೆ. ಪಾಳಿಗೊಂದರಂತೆ ಒಂದೇ ಸಾಲು: "ಗಾಯ ವಾಸಿಯಾಗುತ್ತಿದೆ." ಬೇರೆ ಬೇರೆ ಕೈಬರಹ, ಬೇರೆ ಬೇರೆ ಶಾಯಿ, ಅದೇ ಸಾಲು. ನಮ್ಮ ಶಾಲೆಯಲ್ಲಿ ಹಿಂದಿನ ಬೆಂಚಿನ ಮಕ್ಕಳು ಇಷ್ಟು ಅಚ್ಚುಕಟ್ಟಾಗಿ ನಕಲು ಹೊಡೆಯುವುದಿಲ್ಲ, ಕಾಗುಣಿತದಲ್ಲಾದರೂ ಸಿಕ್ಕಿಬೀಳುತ್ತಾರೆ. ವಾರಕ್ಕೆರಡು ಸಲ ಬರುವ ಸರ್ಜನ್ ಕಾಲ್ದೆಸೆಯಲ್ಲಿ ನಿಂತು ಈ ಸಾಲು ಓದಿ, ಅಮ್ಮನಿಗೆ "ಗುಡ್" ಎಂದು ಹೋಗುತ್ತಿದ್ದರು. ಮ್ಯಾನೇಜರ್ ಹತ್ತಿರ ಹೋದೆ. ಅವರು ನನಗೆ ಕುರ್ಚಿ ಹಾಕಿಸಿ, ನೀರು ಕೊಡಿಸಿ, ಬಹಳ ಸಮಾಧಾನದಿಂದ ಹೇಳಿದರು: "ಮೇಡಂ, ಸ್ಟಾಫ್ ಬರ್ತಾರೆ ಹೋಗ್ತಾರೆ. ಸಿಸ್ಟಮ್ ಇರುತ್ತೆ."

ಸಿಸ್ಟಮ್ ಇತ್ತು, ನಿಜ. ಮಂಚದ ಕಂಬಿಗೆ ಕಟ್ಟಿತ್ತು.

ಎರಡು ದಿನದಲ್ಲಿ ಅಮ್ಮನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳನ್ನು ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದು ಸರ್ಜನ್ ನನ್ನ ಜಾಣತನವನ್ನು ಹೊಗಳಿದರು. ಆಪರೇಷನ್ ಆದ ಮೂರನೇ ದಿನ ಒಡಿಶಾದ ಹುಡುಗಿಯೂ ಕೆಲಸ ಬಿಟ್ಟಳು. ಬಿಟ್ಟಳೋ ಬಿಡಿಸಿದರೋ ತಿಳಿಯದು. ಯಾರ ಮೇಲಾದರೂ ಹಾಕಲೇಬೇಕಿತ್ತು, ಭಾಷೆ ಬಾರದವಳ ಮೇಲೆ ಹಾಕುವುದು ಸುಲಭ. ಚೀಲ ಹಿಡಿದು ಬಂದು ಅಮ್ಮನ ಮುಂದೆ ತಲೆತಗ್ಗಿಸಿ ನಿಂತಳು. ಅಮ್ಮ ದಿಂಬಿನ ಕೆಳಗಿಂದ ರವಿಕೆ ಕಣ ತೆಗೆದಳು.

"ಇವಳಿಗೂನಾ?" ಎಂದೆ ನಾನು. ನನಗಿನ್ನೂ ಕೋಪ ಆರಿರಲಿಲ್ಲ.

ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಅವಳ ಹಣೆಗೆ ಕುಂಕುಮವಿಟ್ಟು ಗಲ್ಲ ಸವರಿ ಕಳಿಸಿದಳು. ಆಮೇಲೆ ಗೋಡೆಗೆ ಒರಗಿ, ಕಾಲಿನ ಬ್ಯಾಂಡೇಜು ನೋಡಿಕೊಂಡು ಹೇಳಿದಳು. "ನರ್ಸಮ್ಮಗಳ್ನ ಎಷ್ಟಂತ ಬಯ್ತೀಯಮ್ಮಿ. ದಾರುದ್ ಇಸ್ಯ ನಿಂಗೂ ಗೊತ್ತಿತ್ತು, ನಿನ್ ತಮ್ಮಂಗೂ ಗೊತ್ತಿತ್ತು. ಒಂದಿನ ಅವ್ನು, ಒಂದಿನ ಅವನೆಂಡ್ತಿ, ಒಂದಿನ ಪಕ್ಕದ್ ಮನೆಯೋಳು. ಬಂದೋರೆಲ್ಲ ಎಂಗಿದ್ದೀಯ ಅಂದ್ರಿ. ಕಾಲು ಎಂಗಿತ್ತು ಅಂತ ಯಾರ್ ಕೇಳುದ್ರಿ?"

"ನೀನಾದ್ರೂ ಹೇಳಬಾರದಾಗಿತ್ತಾ?" ಎಂದೆ.

"ನಂಗೆ ನೋವಾದ್ರಲ್ವಾ ಏಳಕ್ಕೆ," ಎಂದಳು.

ಆವತ್ತು ವಾಪಸ್ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಮೊಬೈಲ್ ತೆಗೆದೆ. ಅಮ್ಮನಿಗಾಗಿಯೇ ನಾವೊಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು, ಅದರ ಐಡಿಯಾ ನನ್ನದೇ. ಮೇಲಕ್ಕೆ ಸರಿಸುತ್ತ ಹೋದೆ. "ಅಮ್ಮ ಆರಾಮ್." "ಅಮ್ಮ ಆರಾಮ್." "ಅಮ್ಮ ಆರಾಮ್." ತಮ್ಮನದು, ನಾದಿನಿಯದು, ಪಕ್ಕದ ಮನೆಯವಳದು, ಕೆಲವಕ್ಕೆ ಹೂವಿನ ಚಿತ್ರ ಸಮೇತ. ಆ ಹತ್ತು ದಿನಗಳಲ್ಲಿ ನನ್ನದೂ ಮೂರಿದ್ದವು. ಮೂರನ್ನೂ ನಾನು ಬಂಗಾರಪೇಟೆಯಲ್ಲಿ ಕೂತು, ತಮ್ಮ ಬರೆದದ್ದನ್ನು ಓದಿ, ದೂರದ ಸಂಬಂಧಿಕರಿಗೆ ತಿಳಿಯಲಿ ಎಂದು ಮತ್ತೆ ಬರೆದಿದ್ದೆ. ಫೈಲಿನ ನಕಲಿಗೆ ನಕ್ಕವಳು ನಾನು. ಉರಿಗಾಂ ಸ್ಟೇಷನ್ನು, ಗಣಿಯ ಕಸದ ಸೈನೈಡ್ ದಿಬ್ಬ, ಎಲ್ಲ ಹಿಂದೆ ಹೋದವು. ಕೋರಮಂಡಲ್ ಸ್ಟೇಷನ್ ದಾಟುವವರೆಗೂ ನಾನು ಅತ್ತೆ, ಎದುರು ಕೂತವರು ನೋಡುತ್ತಿದ್ದರೂ ಅತ್ತೆ.

ಬಿಡುಗಡೆಯಾದ ಮೇಲೆ ಮೂರು ವಾರ ರಜೆ ಹಾಕಿ ಊರಿನಲ್ಲೇ ಉಳಿದೆ. ಉರಿಗಾಂನವಳ ನಂಬರು ಹುಡುಕಿ ಫೋನ್ ಮಾಡಿದೆ. ಬೆರಳು ಹೋದ ಸುದ್ದಿ ಕೇಳಿ ಅವಳು ಮೊದಲು ಗಾಯ ತೋರಿಸಿ ಎಂದಳು. ಆಮೇಲೆ ವಿಡಿಯೋದಲ್ಲೇ ಕೈ ಹೇಗೆ ತೊಳೆಯಬೇಕು, ಎಳೆ ಹೇಗೆ ಹಿಡಿಯಬೇಕು, ಆ ಸುತ್ತುಗಂಟು ಹೇಗೆ ಹಾಕಬೇಕು ಎಲ್ಲ ಕಲಿಸಿದಳು. ದಿನಾ ಬೆಳಗ್ಗೆ ಹಸುಗಳಿಗೆ ಹುಲ್ಲು ಹಾಕಿ ಬಂದು ನಾನೇ ಡ್ರೆಸ್ಸಿಂಗ್ ಮಾಡಿದೆ. ಮೂರು ದಿನಕ್ಕೊಂದು ದಾರ, ನಡುಮನೆಯ ಕಿಟಕಿಯ ಸರಳಿಗೆ. ಏಳನೇ ದಾರ ಕಟ್ಟುವ ದಿನ ಎರಡು ಗಂಟು ಒಂದಕ್ಕೊಂದು ತಾಗಿಕೊಂಡವು. ಅಮ್ಮ ಕುಕ್ಕರುಗಾಲಿನ ಪ್ರಯತ್ನ ಮಾಡಿ ಪಕ್ಕಕ್ಕೆ ವಾಲಿ ಬಿದ್ದಳು, ಎದ್ದು ಕೂತು ನನಗೂ ನಾದಿನಿಗೂ ಬೈದಳು. ಈಗ ಹೂ ಬಿಡಿಸುವಾಗ ಒಂದು ಹಾಲು ಕರೆಯುವ ಮಣೆ ಇಟ್ಟುಕೊಂಡು ಸಾಲಿನುದ್ದಕ್ಕೂ ಸರಿಯುತ್ತಾಳೆ.

ರಜೆ ಮುಗಿಯಿತು. ಸೋಮವಾರ ಶಾಲೆಗೆ ಹಾಜರಾಗಬೇಕಿತ್ತು, ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಟೆ. ಮುಚ್ಚಿದ ಗಾಯ ಮತ್ತೆ ತೆರೆದುಕೊಳ್ಳಬಹುದು ಎಂದು ನಾದಿನಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಪ್ರತಿ ದಾರವನ್ನೂ ಮುಟ್ಟಿಸಿ, ಎರಡು ಸಲ ಪಾಠ ಒಪ್ಪಿಸಿಕೊಂಡೆ. ನಾನು ಬುಧವಾರ ಫೋನ್ ಮಾಡುತ್ತೇನೆ, ಆರಾಮ್ ಅನ್ನಬೇಡ, ಎಷ್ಟಿದೆ ಹೇಳು ಎಂದೆ. ಅವಳು ತಲೆಯಾಡಿಸಿದಳು. ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಅಮ್ಮ ಒಳಗಿನಿಂದ ಗೋಡೆ ಹಿಡಿದು ನಿಧಾನವಾಗಿ ಬಂದಳು. ಒಂದು ಕೈಯಲ್ಲಿ ಕುಂಕುಮದ ಭರಣಿ, ಇನ್ನೊಂದರಲ್ಲಿ ನಾನೇ ಆಂಡರ್ಸನ್‌ಪೇಟೆಯಲ್ಲಿ ತಂದ ಅರ್ಧ ಡಜನ್‌ನಲ್ಲಿ ಉಳಿದಿದ್ದ ಕೊನೆಯ ರವಿಕೆ ಕಣ.

"ನಿಲ್ಲಮ್ಮಿ," ಎಂದಳು. "ನೀನೂ ಓಯ್ತಿದ್ದೀಯಲ್ಲ."

ನಾನು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ.